ಘಟಕ ಒಡೆದ ಲೆಕ್ಕ: ಜಹೀರಾಬಾದ್, ನಾರಾಯಣಖೇಡ, ತಾಂಡೂರು

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆಯ ನಾರಾಯಣಖೇಡ, ನಿರ್ಣಾ ವೃತ್ತವನ್ನುಳಿದ ಜಹೀರಾಬಾದ್ ಹಾಗೂ ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲೂಕುಗಳು ಆಂಧ್ರಪ್ರದೇಶದ ಪಾಲಾದವು. ಬೀದರ್ ತಾಲೂಕಿನ ನ್ಯಾಲ್ಕಲ್ ವೃತ್ತವೂ ಅವುಗಳೊಡನೆ ಹೋಯಿತು. ಕಂದಾಯ ವೃತ್ತದ ಮಟ್ಟದಲ್ಲಿಯೂ ಗಡಿ ಎಳೆಯುವುದು ಸಾಧ್ಯವಿತ್ತೆಂಬುದಕ್ಕೆ ಈ ಎರಡು ವೃತ್ತಗಳೇ ಸಾಕ್ಷಿ. ಉಳಿದಂತೆ ಇಲ್ಲಿ ತಾಲೂಕೇ ಅಳತೆಗೋಲಾಯಿತು.

ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ಕೇಂದ್ರವು ಒಪ್ಪಿದ ಸೂತ್ರವೂ ಘಟಕವನ್ನೇ ಅವಲಂಬಿಸಿತು. ಪುರಸಭೆ ಅಥವಾ ತಹಸೀಲಿನಲ್ಲಿ ಶೇ. 15ರಿಂದ 20ರಷ್ಟು ಜನರ ಭಾಷೆಯಾಗಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳು ಆ ಭಾಷೆಯಲ್ಲಿಯೂ ಬರಬೇಕು. ಘಟಕದ ಗಾತ್ರ ಬದಲಾದೊಡನೆ ಈ ಹಕ್ಕಿನ ಗಣಿತವೂ ಬದಲಾಗುತ್ತದೆ. 1980ರ ದಶಕದ ಮಧ್ಯದಲ್ಲಿ ಎನ್.ಟಿ. ರಾಮರಾವ್ ಸರ್ಕಾರವು ತಾಲೂಕುಗಳನ್ನು ಒಡೆದು ಮಂಡಲಗಳನ್ನು ರಚಿಸಿದಾಗ, ಗಡಿಯಂಚಿನ ಮಂಡಲಗಳಲ್ಲಿ ಕನ್ನಡಿಗರ ಪ್ರಮಾಣ ಏರುವುದಕ್ಕೂ ಒಳನಾಡಿನವುಗಳಲ್ಲಿ ಮಿತಿಗಿಂತ ಕೆಳಗಿಳಿಯುವುದಕ್ಕೂ ಎಡೆಯಾಯಿತು.

2016ರ ಅಕ್ಟೋಬರ್ 11ರಂದು ತೆಲಂಗಾಣದ 10 ಜಿಲ್ಲೆಗಳು 31 ಆದವು. ಉಳಿತಾಯವು ಎಲ್ಲೆಡೆ ಸಮನಾಗಿರಲಿಲ್ಲ. ತಾಂಡೂರಿನವರಿಗೆ ಹೈದರಾಬಾದಿನಲ್ಲಿದ್ದ ರಂಗಾರೆಡ್ಡಿ ಕಲೆಕ್ಟರ್ ಕಚೇರಿಯ ಬದಲು ಸಮೀಪದ ವಿಕಾರಾಬಾದ್ ದೊರೆಯಿತು. ಜಹೀರಾಬಾದ್, ನಾರಾಯಣಖೇಡಗಳಿಗೆ ಹಾಗಲ್ಲ. ಹಳೆಯ ಮೆದಕ್ ಜಿಲ್ಲೆಯ ಕೇಂದ್ರವೂ ಸಂಗಾರೆಡ್ಡಿಯೇ ಆಗಿತ್ತು. ಅವುಗಳ ಲಾಭವೆಂದರೆ ಊರಲ್ಲೇ ತೆರೆದ ಕಂದಾಯ ವಿಭಾಗದ ಕಚೇರಿ. 2018ರ ಪಂಚಾಯತ್ ರಾಜ್ ಕಾಯ್ದೆಯಡಿ ಅನೇಕ ತಾಂಡಾಗಳೂ ಗ್ರಾಮ ಪಂಚಾಯತಿಗಳಾದವು; ಲಂಬಾಣಿಗಳಿಗೆ ಅದು ತಡವಾಗಿ ಸಂದ ನ್ಯಾಯ.

ಹೊಸ ಕಟ್ಟಡ, ವಾಹನ, ಕಾರ್ಯದರ್ಶಿಯ ಸಂಬಳಗಳನ್ನು ಆಯವ್ಯಯ ಪತ್ರವು ಎಣಿಸುತ್ತದೆ. ತೆಲುಗು ಓದಲಾರದ ಕನ್ನಡ ರೈತನು ಅರ್ಜಿ ಬರೆಸಲು ತೆರುವ ಹಣಕ್ಕೆ ಅದರಲ್ಲಿ ಕಲಮು ಇಲ್ಲ. ಕಚೇರಿ ಹತ್ತಿರ ಬಂದುದರಿಂದ ಕಡಿಮೆಯಾದುದು ಅವನ ಬಸ್ಸಿನ ಖರ್ಚು ಮಾತ್ರ.