ಹಿತ್ತಾಳೆಯ ನಾಲಗೆ, ಅಂಕಿಗಳ ನಾಲಗೆ

ಎಳ್ಳಮಾವಾಸ್ಯೆಯ ಜಾತ್ರೆಗೆಂದು ತೀರ್ಥಹಳ್ಳಿಗೆ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಬೆನ್ನಿಗೆ ಹೊತ್ತಿದ್ದ ದೊಡ್ಡ ಚೀಲವನ್ನು ನಮ್ಮ ಜಗಲಿಯ ಮೇಲೆ ಇಳಿಸಿದ. ಒಳಗಿದ್ದುದು ಡಿಜಿಟಲ್ ಅಕಾರ್ಡಿಯನ್. ತಿದಿಯಿದೆ, ಕರಿಮನೆ ಬಿಳಿಮನೆಗಳಿವೆ, ಎಡಗೈಗೆ ಗುಂಡಿಗಳ ಸಾಲಿದೆ. ಆದರೆ ಗಾಳಿಗೆ ನುಡಿಯುವ ರೀಡು ಮಾತ್ರ ಒಂದೂ ಇಲ್ಲ!

"ಮೇಷ್ಟ್ರೇ, ಇದನ್ನು ನಮ್ಮ ಭಜನಾ ಮಂಡಳಿಗೆ ಕೊಟ್ಟು ಹೋಗೋಣ ಅಂತಿದ್ದೇನೆ. ಹಾರ್ಮೋನಿಯಂ ಹಾಗೇ ಕೇಳಿಸಬೇಕು. ನೀವು ಸ್ವಲ್ಪ ಕಿವಿ ಕೊಡಿ" ಎಂದ. ಅದನ್ನು ಹೊಂದಿಸುವುದರಲ್ಲಿ ನಮಗೆ ಎರಡು ದಿನಗಳು ಸಂದವು.

ಹಿತ್ತಾಳೆಯ ತೆಳುನಾಲಗೆಯೊಂದು ಗಾಳಿಗೆ ಅದುರಿ ನುಡಿಯುವ ಉಪಾಯ ಚೀನಾ ಮತ್ತು ಲಾವೋಸ್ ಕಡೆಗಳಲ್ಲಿ ಬಹಳ ಪ್ರಾಚೀನವಾದುದು. ಯೂರೋಪು ಅದನ್ನು ತಡವಾಗಿ ಕಲಿಯಿತು. 1829ರಲ್ಲಿ ವಿಯೆನ್ನಾದ ಸಿರಿಲ್ ಡೇಮಿಯನ್ ಅಕಾರ್ಡಿಯನ್ನಿಗೂ, 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೇನ್ ಹಾರ್ಮೋನಿಯಮ್ಮಿಗೂ ಹಕ್ಕುಪತ್ರ ಪಡೆದರು. ಕಾಲಿನಿಂದ ತಿದಿಯೊತ್ತಿ ನುಡಿಸುವ ಆ ಮೇಜಿನಂಥ ವಾದ್ಯವನ್ನು ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ಗಾಳಿ ಹಾಕಿ ನುಡಿಸುವಂತೆ ಮಾರ್ಪಡಿಸಿದ ಕೀರ್ತಿ ಕಲ್ಕತ್ತೆಯ ದ್ವಾರಕಾನಾಥ ಘೋಷರಿಗೆ ಸಲ್ಲುತ್ತದೆ. ಆಮೇಲೆ ಅದು ನಾಟಕ ಕಂಪನಿಗಳ ಗಾಡಿಯೇರಿ ಊರೂರು ಸುತ್ತಿತು. ಯಕ್ಷಗಾನದಲ್ಲಿ ಪುಂಗಿಯ ಶ್ರುತಿಯಿದ್ದ ಜಾಗಕ್ಕೆ ಬಂದು ಕುಳಿತಿತು. ಕೊನೆಗೆ ನಮ್ಮ ಶಾಲೆಗಳ ಪ್ರಾರ್ಥನೆಗೂ ಒದಗಿತು.

ಇಷ್ಟು ಬಳಕೆಯಾದ ವಾದ್ಯವನ್ನು ಆಕಾಶವಾಣಿ 1940ರ ಮಾರ್ಚಿನಲ್ಲಿ ಹೊರಗಿಟ್ಟಿತು. ಬಾಗಿಲು ಸ್ವಲ್ಪ ತೆರೆದುದು 1971ರಲ್ಲಿ. ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಅದರಲ್ಲಿ ಬಾರದು ಎಂಬುದು ಒಂದು ಆಕ್ಷೇಪ. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ್ದರಿಂದ ಸ್ವರಗಳೇ ಸ್ಥಾನ ತಪ್ಪಿವೆ ಎಂಬುದು ಇನ್ನೊಂದು. ಎರಡನೆಯದನ್ನು ಲೆಕ್ಕದಲ್ಲೇ ತೋರಿಸಬಹುದು. ಒಂದು ಮನೆಯಿಂದ ಪಕ್ಕದ ಮನೆಗೆ ನೂರು ಸೆಂಟ್ ಎಂದು ಎಣಿಸಿದರೆ, ಹಾರ್ಮೋನಿಯಮ್ಮಿನ ಅಂತರಗಾಂಧಾರ 400ರಲ್ಲಿದೆ. ತಂಬೂರಿಯ ತಂತಿ ತಾನಾಗಿ ಹೊಮ್ಮಿಸುವ ಗಾಂಧಾರವಾದರೋ 386ರ ಆಸುಪಾಸಿನಲ್ಲಿದೆ. ನಡುವಣ ಈ ಹದಿನಾಲ್ಕು ಸೆಂಟು ಮೂವತ್ತೊಂದು ವರ್ಷಗಳ ಜಗಳದ ಒಂದು ಮುಖ್ಯ ಭಾಗ. ತರುಣನಾಗಿದ್ದಾಗ ನಾನು ಆಕಾಶವಾಣಿಯ ಪಕ್ಷವನ್ನೇ ಹಿಡಿದು ಜಗುಲಿಕಟ್ಟೆಗಳಲ್ಲಿ ವಾದಿಸಿದವನು. ಅದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಹೊಸ ಪೆಟ್ಟಿಗೆಯ ಭಾಷೆಯೇ ಬೇರೆ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುಟಾರೊ ಕಕೆಹಾಶಿ ಮೊದಲಾದವರ ಪ್ರಯತ್ನದಿಂದ 1983ರಲ್ಲಿ ಬಳಕೆಗೆ ಬಂದ 'ಮಿಡಿ' ಎಂಬ ಒಪ್ಪಂದದಲ್ಲಿ ನಾದವೇ ಹರಿಯುವುದಿಲ್ಲ. ಯಾವ ಮನೆ ಒತ್ತಿದರು, ಎಷ್ಟು ಜೋರಾಗಿ, ಯಾವಾಗ ಬಿಟ್ಟರು ಎಂಬ ಅಪ್ಪಣೆಗಳು ಮಾತ್ರ ಹರಿಯುತ್ತವೆ. ಅಂಕಿಗಳು ಸೊನ್ನೆಯಿಂದ 127, ದಾರಿಗಳು ಹದಿನಾರು. ಕಕೆಹಾಶಿಯವರು ಸ್ಥಾಪಿಸಿದ ರೋಲ್ಯಾಂಡ್ ಸಂಸ್ಥೆ 2004ರಲ್ಲಿ ಡಿಜಿಟಲ್ ಅಕಾರ್ಡಿಯನ್ನನ್ನು ಹೊರತಂದಿತು. ಅದರ ತಿದಿ ರೀಡುಗಳಿಗೆ ಗಾಳಿ ಊದುವುದಿಲ್ಲ, ಒತ್ತಡವನ್ನು ಅಳೆದು ಅಂಕಿ ಮಾಡುತ್ತದೆ.

ಮೊದಲ ದಿನ ಒಂದೊಂದು ಸ್ವರವೂ ಜೋಡಿಯಾಗಿ ಕೇಳುತ್ತಿತ್ತು. ನನ್ನ ಕಿವಿಯೇ ಕೆಟ್ಟಿತೆಂದು ಭಾವಿಸಿದೆ. ಪೆಟ್ಟಿಗೆ ತಾನೂ ನುಡಿದು, ಲ್ಯಾಪ್‌ಟಾಪಿಗೂ ಅಪ್ಪಣೆ ಕಳಿಸಿ, ಅಲ್ಲಿಂದ ಮರಳಿ ಬಂದುದಕ್ಕೆ ಇನ್ನೊಮ್ಮೆ ನುಡಿಯುತ್ತಿತ್ತಂತೆ. 'ಲೋಕಲ್ ಆಫ್' ಮಾಡಿದೊಡನೆ ಒಂದಾಯಿತು. ಆಮೇಲೆ ನಡುಕ. ಅಕಾರ್ಡಿಯನ್ನಿನಲ್ಲಿ 440 ಕಂಪನದ ರೀಡಿನ ಜೊತೆಗೆ 442ರದನ್ನು ಬೇಕೆಂದೇ ಕೂಡಿಸುತ್ತಾರೆ. ಧ್ವನಿ ಸೆಕೆಂಡಿಗೆ ಎರಡು ಬಾರಿ ಏರಿಳಿದು ಅಲೆಯಾಗುತ್ತದೆ. ಹಿಂದಿ ಚಿತ್ರಗೀತೆಗಳಲ್ಲಿ ಗೂಡಿ ಸೀರ್ವಾಯಿಯವರು ನುಡಿಸುತ್ತಿದ್ದ ವಾದ್ಯ ನೆನಪಾಗಿ ಸುಖವೆನಿಸಿದರೂ, ದಾಸರ ಪದಕ್ಕೆ ಆ ಅಲೆ ಹೊಂದದು. ಅದನ್ನು ಸೊನ್ನೆಗೆ ಇಳಿಸಿದೆವು. ಎಡಗೈ ಗುಂಡಿಗಳ ಮೇಳಸ್ವರಗಳನ್ನೂ ಮುಚ್ಚಿ, ಷಡ್ಜ ಪಂಚಮಗಳನ್ನಷ್ಟೇ ಉಳಿಸಿಕೊಂಡೆವು.

ಹದಿನಾಲ್ಕು ಸೆಂಟು ಇಳಿಸಿದ್ದು ಲ್ಯಾಪ್‌ಟಾಪಿನ ತಂತ್ರಾಂಶದಲ್ಲಿ. ಗಾಂಧಾರ ಶ್ರುತಿಪೆಟ್ಟಿಗೆಯೊಡನೆ ಬೆರೆತಾಗ ಮೈ ಜುಮ್ಮೆಂದಿತು. (ಆ ವಿದ್ಯುತ್ ಶ್ರುತಿಪೆಟ್ಟಿಗೆಯೂ ನಮ್ಮವರ ಕೊಡುಗೆಯೇ. ಬೆಂಗಳೂರಿನ ಇಂಜಿನಿಯರು ಹಾಗೂ ಕೊಳಲುವಾದಕ ಜಿ. ರಾಜನಾರಾಯಣ್ 1970ರ ದಶಕದ ಕೊನೆಯಲ್ಲಿ ಈ ಕೆಲಸಕ್ಕೆ ಕೈಹಾಕಿದವರು.) ಆದರೆ ಸಂಜೆ ಹಾಡುಗಾರರೊಬ್ಬರು ಬಂದು ಕರಿ ಎರಡಕ್ಕೆ ಷಡ್ಜ ಹಿಡಿದರು. ಇಳಿಸಿದ ಮನೆ ಇದ್ದಲ್ಲೇ ಇತ್ತು, ಗಾಂಧಾರ ಬೇರೆ ಮನೆಗೆ ಹೋಗಿತ್ತು. ಎಲ್ಲವೂ ಅಪಸ್ವರ! ಷಡ್ಜ ಬದಲಾದಾಗಲೆಲ್ಲ ಪಟ್ಟಿಯನ್ನು ಹೊಸದಾಗಿ ಹಾಕಬೇಕು. ಮಂಡಳಿಯವರಿಂದ ಅದು ಆಗದ ಮಾತು. ಸಮಪಾಲಿಗೇ ಮರಳಿದೆವು. ಯಾರು ಯಾವ ಶ್ರುತಿಗೆ ಹಾಡಿದರೂ ಎದುರಾಡದ ಪೆಟ್ಟಿಗೆಯ ಆ ಔದಾರ್ಯವನ್ನು ನಾನು ತರುಣನಾಗಿದ್ದಾಗ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇನ್ನೊಂದು ಸಂಗತಿ ಇದೆ. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಶಾಲೆಯ ಹಾರ್ಮೋನಿಯಂ ಮಳೆಗಾಲದ ಥಂಡಿಗೆ ಹಾಳಾಯಿತು. ಮರ ಉಬ್ಬಿ ಮನೆಗಳು ಕಚ್ಚಿಕೊಂಡವು, ತಿದಿ ಬೂಷ್ಟು ಹಿಡಿಯಿತು. ರೀಡಿನ ತುದಿಯನ್ನು ಹೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಹೆರೆದರೆ ಇಳಿಯುತ್ತದೆ. ಅಷ್ಟು ಬಲ್ಲವರನ್ನು ಹುಡುಕುವ ತಾಳ್ಮೆ ನನಗಿರಲಿಲ್ಲ. ನಿರುಪಯುಕ್ತ ವಸ್ತುಗಳ ಪಟ್ಟಿಗೆ ಸೇರಿಸಿ ಸಹಿ ಹಾಕಿದೆ. ಅದು ಗುಜರಿಗೆ ಹೋಯಿತು.

ಹೊರಡುವ ಮುನ್ನ ಅವನೇ ಕೇಳಿದ: "ನಮ್ಮ ಸ್ಕೂಲಿನ ಪೆಟ್ಟಿಗೆ ಯಾವ ಶ್ರುತಿಯಲ್ಲಿತ್ತು ಮೇಷ್ಟ್ರೇ? ಅದಕ್ಕೇ ಇಡೋಣ."

"ನನಗೇನು ಗೊತ್ತು ಮಾರಾಯ" ಎಂದೆ. ಆದರೂ ಕಣ್ಣು ಮುಚ್ಚಿ ಪ್ರಾರ್ಥನೆಯ ಮೊದಲ ಸ್ವರವನ್ನು ಗುನುಗಿದೆ. ಅವನು ಮೊಬೈಲಿನಲ್ಲಿ ಅಳೆದು, 440 ಇದ್ದಲ್ಲಿ 436 ಎಂದು ಹಾಕಿದ. ಶಾಲೆಯ ಪೆಟ್ಟಿಗೆ ಇಳಿದಿತ್ತೋ, ನನ್ನ ಗಂಟಲೇ ಇಳಿದಿದೆಯೋ! ಅವನು ಅದನ್ನು ಹಾಗೆಯೇ ಉಳಿಸಿ, ಪಟ್ಟಿಯಲ್ಲಿ ಶಾಲೆಯ ಹೆಸರು ಬರೆದ.