ಎಂಬತ್ತೇಳು ದಿನ

ಶಾಲೆಯಲ್ಲಿ ಪಾಠ ಹೇಳುತ್ತ ಬಂದವರಿಗೆ ಹುಟ್ಟಿದ ತಾರೀಖಿನ ಮಹಿಮೆ ಚೆನ್ನಾಗಿ ಗೊತ್ತು. ಪ್ರತಿವರ್ಷ ಜೂನ್ ತಿಂಗಳು ಬಂತೆಂದರೆ ದಾಖಲಾತಿಯ ಪುಸ್ತಕದ ಮುಂದೆ ತಾಯಂದಿರ ಸಾಲು. "ಎರಡು ತಿಂಗಳು ಕಡಿಮೆ ಅಷ್ಟೇ ಮಿಸ್, ಹುಡುಗಿ ತುಂಬ ಚುರುಕು, ಸೇರಿಸಿಕೊಂಡುಬಿಡಿ" ಎಂದು ಕೇಳುವವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಹುಡುಗಿ ಚುರುಕು ಎನ್ನುವುದು ಸುಳ್ಳೇನೂ ಅಲ್ಲ. ಆದರೂ ಈ ವಯಸ್ಸಿನ ಲೆಕ್ಕ ಯಾರನ್ನು ಕಾಯುತ್ತದೆ, ಯಾರನ್ನು ತಡೆಯುತ್ತದೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇದೇ ಪ್ರಶ್ನೆಯನ್ನು ನಮಗಿಂತ ಗಟ್ಟಿಯಾಗಿ ಎದುರಿಸಬೇಕಾಗಿ ಬಂದ ಒಂದು ಆಟವಿದೆ. ಅದು ಮಂಜುಗಡ್ಡೆಯ ಮೇಲಿನ ನೃತ್ಯದಂಥ ಆಟ, ಫಿಗರ್ ಸ್ಕೇಟಿಂಗ್.

ನಾನು ಕಂಡ ಮಂಜುಗಡ್ಡೆಯೆಂದರೆ ಫ್ರಿಜ್ಜಿನದು, ಜಾತ್ರೆಯ ಶರಬತ್ತಿನದು. ಈ ಆಟವನ್ನು ನೋಡಿದ್ದು ಟೆಲಿವಿಷನ್ನಿನಲ್ಲಿ ಮಾತ್ರ. ಬೂಟಿನ ಅಡಿಗೆ ಒಂದು ಸಣ್ಣ ಉಕ್ಕಿನ ಅಲಗು, ಕೆಳಗೆ ಗಾಜಿನಂಥ ಹಿಮದ ನೆಲ, ಜೊತೆಗೆ ಸಂಗೀತ. ಹುಡುಗಿ ಜಾರುತ್ತ ಜಾರುತ್ತ ಥಟ್ಟನೆ ಮೇಲಕ್ಕೆ ಹಾರಿ, ಗಾಳಿಯಲ್ಲಿ ಮೂರು ಸುತ್ತು ತಿರುಗಿ, ಒಂದೇ ಕಾಲಿನ ಮೇಲೆ ಇಳಿಯುತ್ತಾಳೆ. ನೋಡುವವರಿಗೆ ಹೂವು ಉದುರಿದಷ್ಟು ಸಲೀಸು. ಇಳಿಯುವ ಆ ಕಾಲಿಗೆ, ಆ ಸೊಂಟಕ್ಕೆ ಬೀಳುವ ಭಾರ ನಮ್ಮ ಕಣ್ಣಿಗೆ ಕಾಣುವುದಿಲ್ಲ.

ಈ ಆಟಕ್ಕೆ ಮೊದಲಿನಿಂದಲೂ ಎಳೆಯರ ಮೇಲೆ ಮೋಹ. 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ನಾರ್ವೆಯ ಸೋನ್ಯಾ ಹೆನಿ ಎಂಬ ಹುಡುಗಿ ದೊಡ್ಡವರ ಜೊತೆ ಸ್ಪರ್ಧಿಸಿದಳು. ಅವಳಿಗೆ ಆಗ 11 ವರ್ಷ. ಎಂಟು ಜನರಲ್ಲಿ ಎಂಟನೆಯವಳಾದಳು. ನಾಲ್ಕು ವರ್ಷ ಕಳೆದು, 15ರ ವಯಸ್ಸಿನಲ್ಲಿ ಚಿನ್ನ ಗೆದ್ದಳು. ಅಲ್ಲಿಂದ ಎಪ್ಪತ್ತು ವರ್ಷ ದಾಟಿದರೂ ಕಥೆ ಬದಲಾಗಲಿಲ್ಲ. ಅಮೆರಿಕದ ತಾರಾ ಲಿಪಿನ್‌ಸ್ಕಿ 1997ರಲ್ಲಿ 14ನೆಯ ವಯಸ್ಸಿಗೇ ವಿಶ್ವ ಚಾಂಪಿಯನ್ ಆದಳು, ಮರುವರ್ಷ ನಾಗಾನೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಪಡೆದಳು. 2000ದಲ್ಲಿ, ಇನ್ನೂ ಹದಿನೆಂಟರ ಹುಡುಗಿ ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ನಮ್ಮಲ್ಲಿ ಅಜ್ಜಿಯರಿಗೆ ಬರುವ ನೋವು ಅದು.

ಅಷ್ಟರಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಎಚ್ಚೆತ್ತಿತ್ತು. ದೊಡ್ಡವರ ವಿಶ್ವ ಸ್ಪರ್ಧೆಗೂ ಒಲಿಂಪಿಕ್ಸ್‌ಗೂ ಬರುವವರಿಗೆ ಹಿಂದಿನ ಜುಲೈ 1ರೊಳಗೆ 15 ವರ್ಷ ತುಂಬಿರಬೇಕು ಎಂದು 1996ರಲ್ಲಿ ನಿಯಮ ಮಾಡಿತು. ಅದಾಗಲೇ ಸ್ಪರ್ಧಿಸಿದ್ದ ಲಿಪಿನ್‌ಸ್ಕಿಗೆ ಮಾತ್ರ ವಿನಾಯಿತಿ ಸಿಕ್ಕಿತ್ತು. ಬಾಗಿಲು ಹಾಕಿದರೆ ಸಾಲದು, ಹೊರಗೆ ನಿಂತ ಮಕ್ಕಳಿಗೆ ಆಡಲು ಅಂಗಳವೂ ಬೇಕಲ್ಲ? ವರ್ಷಕ್ಕೊಂದು ಜೂನಿಯರ್ ವಿಶ್ವ ಸ್ಪರ್ಧೆಯೇನೋ 1976ರಿಂದಲೂ ಇತ್ತು. 1997ರಲ್ಲಿ ಅದರ ಜೊತೆಗೆ ಊರಿಂದೂರಿಗೆ ಸಾಗುವ ಒಂದು ಸ್ಪರ್ಧಾ ಸರಣಿ ಆರಂಭವಾಯಿತು. ಮೊದಲು ಜೂನಿಯರ್ ಸೀರೀಸ್ ಎಂದಿದ್ದದ್ದು ಮರುವರ್ಷವೇ ಜೂನಿಯರ್ ಗ್ರ್ಯಾಂಡ್ ಪ್ರಿ ಎಂದಾಯಿತು.

ಅದರ ಕಟ್ಟಳೆ ಸರಳವಾದದ್ದು. ಹದಿಮೂರು ತುಂಬಿದವರಿಂದ ಹತ್ತೊಂಬತ್ತರೊಳಗಿನವರ ತನಕ ಪ್ರವೇಶ. ಜೋಡಿಯಾಗಿ ಆಡುವ ಹುಡುಗರಿಗೆ ಇನ್ನೂ ಸ್ವಲ್ಪ ಸಡಿಲ. ಬೇಸಿಗೆ ಮುಗಿಯುವ ಹೊತ್ತಿಗೆ ಶುರುವಾಗಿ ಅಕ್ಟೋಬರ್ ತನಕ, ಸಾಮಾನ್ಯವಾಗಿ ಏಳೆಂಟು ಊರುಗಳಲ್ಲಿ ಸ್ಪರ್ಧೆ. ಒಬ್ಬರಿಗೆ ಹೆಚ್ಚೆಂದರೆ ಎರಡು ಅವಕಾಶ. ಗೆದ್ದವರಿಗೆ 15 ಅಂಕ, ಎರಡನೆಯವರಿಗೆ 13, ಮೂರನೆಯವರಿಗೆ 11, ಹೀಗೆ ಇಳಿಯುತ್ತ ಹೋಗುತ್ತದೆ. ಎರಡನ್ನೂ ಕೂಡಿಸಿ ಮುಂದಿರುವ ಆರು ಮಂದಿ ಫೈನಲ್ಲಿಗೆ. ಯಾವ ದೇಶದಿಂದ ಎಷ್ಟು ಮಕ್ಕಳು ಬರಬಹುದು ಎಂಬುದು ಹಿಂದಿನ ಜೂನಿಯರ್ ವಿಶ್ವ ಸ್ಪರ್ಧೆಯ ಫಲಿತಾಂಶದ ಮೇಲೆ ನಿಂತಿದೆ. ಒಬ್ಬಳು ಚೆನ್ನಾಗಿ ಆಡಿದರೆ ಅವಳ ದೇಶದ ಇನ್ನೊಬ್ಬಳಿಗೆ ದಾರಿ ತೆರೆಯುತ್ತದೆ. ಅಕ್ಕ ಓದಿದರೆ ತಂಗಿಯನ್ನೂ ಓದಿಸುವ ನಮ್ಮ ಮನೆಗಳ ಹಾಗೆ ಎನ್ನಿ. 2008ರಿಂದ ಈ ಫೈನಲ್ ದೊಡ್ಡವರ ಫೈನಲ್ ಜೊತೆಗೇ ಒಂದೇ ಊರಿನಲ್ಲಿ ನಡೆಯತೊಡಗಿತು. 2020ರಲ್ಲಿ ಕೋವಿಡ್‌ನಿಂದಾಗಿ ಇಡೀ ಸರಣಿಯೇ ನಿಂತುಹೋಗಿತ್ತು.

ಮಕ್ಕಳ ಆಟ ಎಂದು ಉದಾಸೀನ ಮಾಡುವಂತಿಲ್ಲ. 2002ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸ್‌ನ ಹೇಗ್ ನಗರದ ಫೈನಲ್ಲಿನಲ್ಲಿ ಜಪಾನಿನ ಮಿಕಿ ಆಂಡೊ ಗಾಳಿಯಲ್ಲಿ ನಾಲ್ಕು ಸುತ್ತು ತಿರುಗಿ ನಿಂತಳು. ಅಲ್ಲಿಯವರೆಗೆ ಸ್ಪರ್ಧೆಯಲ್ಲಿ ಯಾವ ಹೆಂಗಸಿಗೂ ಆಗದಿದ್ದ ಕೆಲಸ ಅದು. ಅವಳಿಗೆ ಇನ್ನೂ 15 ತುಂಬಿರಲಿಲ್ಲ. ಮುಂದೆ 2007ರಲ್ಲಿ, 2011ರಲ್ಲಿ ಅವರು ವಿಶ್ವ ಚಾಂಪಿಯನ್ ಆದರು. 2013ರಲ್ಲಿ ಒಂದು ಹೆಣ್ಣುಮಗುವಿನ ತಾಯಿಯಾಗಿ, ಅದೇ ವರ್ಷದ ಕೊನೆಗೆ ಮತ್ತೆ ಸ್ಪರ್ಧೆಗೂ ಇಳಿದರು.

ಇನ್ನು ಆ ಎಂಬತ್ತೇಳು ದಿನದ ಕಥೆ. 1990ರ ಸೆಪ್ಟೆಂಬರಿನಲ್ಲಿ, ಇಪ್ಪತ್ತು ದಿನಗಳ ಅಂತರದಲ್ಲಿ, ಎರಡು ಹೆಣ್ಣುಮಕ್ಕಳು ಹುಟ್ಟಿದರು. 5ರಂದು ಕೊರಿಯಾದಲ್ಲಿ ಯುನಾ ಕಿಮ್, 25ರಂದು ಜಪಾನಿನ ನಗೋಯಾದಲ್ಲಿ ಮಾವೊ ಅಸಾದಾ. ಜಪಾನಿನಲ್ಲಿ ಈ ಆಟಕ್ಕೆ ಹಿಂದಿನಿಂದ ಬೆಂಬಲವಿತ್ತು. ಕೊರಿಯಾದಲ್ಲಿ ಸಾರ್ವಜನಿಕರು ಆಡಿ ಹೋದ ಮೇಲೆ ಉಳಿದ ಹೊತ್ತಿನಲ್ಲಿ ಅಭ್ಯಾಸ. ಬೆಂಬಿಡದೆ ಮಗಳ ಜೊತೆ ತಿರುಗಿದವರು ತಾಯಿ. 2004ರಲ್ಲಿ ಬುಡಾಪೆಸ್ಟ್‌ನ ಜೂನಿಯರ್ ಗ್ರ್ಯಾಂಡ್ ಪ್ರಿಯನ್ನು ಯುನಾ ಗೆದ್ದಳು. ಕೊರಿಯಾದ ಹುಡುಗಿಯೊಬ್ಬಳು ಇಂಥದ್ದನ್ನು ಗೆದ್ದದ್ದು ಅದೇ ಮೊದಲು. ಆ ಡಿಸೆಂಬರಿನಲ್ಲಿ ಹೆಲ್ಸಿಂಕಿಯ ಫೈನಲ್ಲಿನಲ್ಲಿ ಇಬ್ಬರೂ ಎದುರಾದರು. ಮಾವೊ ಮೂರೂವರೆ ಸುತ್ತಿನ ಟ್ರಿಪಲ್ ಆಕ್ಸೆಲ್ ಹಾರಿ ಗೆದ್ದಳು. ಜೂನಿಯರ್ ಹುಡುಗಿಯರಲ್ಲಿ ಅದನ್ನು ಸಾಧಿಸಿದ ಮೊದಲಿಗಳು ಅವಳು. ಯುನಾ ಎರಡನೆಯವಳು.

ಮರುವರ್ಷ ಮಾವೊ ಹಿರಿಯರ ಗ್ರ್ಯಾಂಡ್ ಪ್ರಿಗೆ ಹೋದಳು. ಅದಕ್ಕೆ 14 ವರ್ಷ ತುಂಬಿದ್ದರೆ ಸಾಕಿತ್ತು. 2005ರ ಡಿಸೆಂಬರಿನಲ್ಲಿ ಟೋಕಿಯೊದ ಫೈನಲ್ಲಿನಲ್ಲಿ ಅಂದಿನ ವಿಶ್ವ ಚಾಂಪಿಯನ್ ಇರೀನಾ ಸ್ಲುತ್‌ಸ್ಕಾಯಾ ಅವರನ್ನೇ ಸೋಲಿಸಿದಳು. ಎರಡು ತಿಂಗಳಿಗೆ ಟ್ಯೂರಿನ್ ಒಲಿಂಪಿಕ್ಸ್. ಆದರೆ ಜುಲೈ 1ರ ಮುನ್ನಾದಿನದಿಂದ ಅವಳ 15ನೆಯ ಹುಟ್ಟುಹಬ್ಬಕ್ಕೆ 87 ದಿನ ಹೆಚ್ಚಾಗಿತ್ತು. ಜಪಾನಿನಲ್ಲಿ ವಿನಾಯಿತಿ ಬೇಕೆಂಬ ಕೂಗೆದ್ದಿತು. ನಿಯಮ ಕದಲಲಿಲ್ಲ. ಜಗತ್ತಿನ ಅತ್ಯುತ್ತಮ ಆಟಗಾರ್ತಿಯರನ್ನು ಗೆದ್ದವಳು ಮನೆಯಲ್ಲಿ ಉಳಿದಳು. ಯುನಾಗೂ ಅದೇ ನಿಯಮ. ಅವಳು ಆ ಚಳಿಗಾಲದಲ್ಲಿ ಜೆಕ್ ದೇಶದ ಒಸ್ತ್ರಾವಾದಲ್ಲಿ ಜೂನಿಯರ್ ಫೈನಲ್ ಗೆದ್ದು, 2006ರ ಮಾರ್ಚಿನಲ್ಲಿ ಜೂನಿಯರ್ ವಿಶ್ವ ಸ್ಪರ್ಧೆಯಲ್ಲಿ ಮಾವೊಳನ್ನು ಹಿಂದೆ ಹಾಕಿದಳು.

ಅನ್ಯಾಯವಾಯಿತೆ? ಆಗ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಚರಿತ್ರೆಯ ಪುಟವನ್ನು ಇನ್ನೂ ಸ್ವಲ್ಪ ತಿರುವಬೇಕು. 2010ರಲ್ಲಿ ವ್ಯಾಂಕೂವರ್‌ನಲ್ಲಿ ಇಬ್ಬರಿಗೂ 19 ವರ್ಷ. ಯುನಾ 228.56 ಅಂಕದೊಡನೆ ಚಿನ್ನ, ಮಾವೊ ಬೆಳ್ಳಿ. 2014ರಲ್ಲಿ ಸೋಚಿಯಲ್ಲಿ ಮಾವೊ ಮೊದಲ ದಿನ ಎಡವಿ 16ನೆಯ ಸ್ಥಾನಕ್ಕೆ ಇಳಿದರು. ಮರುದಿನ ಅದೇ ಟ್ರಿಪಲ್ ಆಕ್ಸೆಲ್ ಹಾರಿ, ತಮ್ಮ ಬಾಳಿನ ಶ್ರೇಷ್ಠ ಆಟವಾಡಿ, ಆರನೆಯವರಾಗಿ ಮುಗಿಸಿದರು. ಪದಕವಿಲ್ಲದ ಆ ಆಟವನ್ನು ಜನ ಇಂದಿಗೂ ನೆನೆಯುತ್ತಾರೆ. 23ರ ಹೆಣ್ಣೊಬ್ಬಳು ಸೋತು ಎದ್ದು ನಿಂತ ಆಟ ಅದು. 15ರಲ್ಲೇ ಎಲ್ಲವೂ ಮುಗಿದಿದ್ದರೆ ಅದು ನಮಗೆ ಸಿಗುತ್ತಿತ್ತೆ?

ಕಾಯನ್ನು ಗುದ್ದಿ ಹಣ್ಣು ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಇದೇ ಅಂಗಳ ಸಾಕ್ಷಿ. ಮೈ ಸಣ್ಣದಾಗಿ, ಹಗುರವಾಗಿ ಇದ್ದಷ್ಟು ಗಾಳಿಯಲ್ಲಿ ತಿರುಗುವುದು ಸುಲಭ. ಹುಡುಗಿ ದೊಡ್ಡವಳಾಗಿ ಮೈ ತುಂಬಿಕೊಂಡರೆ ಅದೇ ಹಾರಾಟ ಕಷ್ಟವಾಗುತ್ತದೆ. ಹೆಣ್ಣಿನ ಬೆಳವಣಿಗೆಯೇ ಆಟಕ್ಕೆ ಅಡ್ಡಿ ಎನ್ನುವ ಲೆಕ್ಕಾಚಾರ ಇಲ್ಲಿಂದ ಹುಟ್ಟಿತು. 2011ರ ಜೂನಿಯರ್ ಫೈನಲ್ ಗೆದ್ದ ರಷ್ಯಾದ ಯೂಲಿಯಾ ಲಿಪ್ನಿತ್‌ಸ್ಕಾಯಾ 15ರಲ್ಲಿ ಸೋಚಿಯ ತಂಡ ಸ್ಪರ್ಧೆಯ ಚಿನ್ನ ಗೆದ್ದಳು. 2017ರಲ್ಲಿ, 19ರ ವಯಸ್ಸಿಗೆ ಆಟಕ್ಕೆ ವಿದಾಯ ಹೇಳಿದಳು. ಊಟವನ್ನೇ ದೂರ ಮಾಡುವ ಅನೊರೆಕ್ಸಿಯಾ ಎಂಬ ಕಾಯಿಲೆಗೆ ಚಿಕಿತ್ಸೆ ಪಡೆದೆನೆಂದು ಅವಳೇ ಹೇಳಿಕೊಂಡಳು. ಹೆಣ್ಣುಮಕ್ಕಳನ್ನು ಹೆತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2019ರ ಜೂನಿಯರ್ ಫೈನಲ್ ಗೆದ್ದವಳು ಕಮೀಲಾ ವಲಿಯೆವಾ. ಆಗ 13 ವರ್ಷ. 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಬರುವಾಗ 15. ತಂಡ ಸ್ಪರ್ಧೆಯಲ್ಲಿ ನಾಲ್ಕು ಸುತ್ತಿನ ಹಾರಾಟವನ್ನು ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಮಾಡಿದ ಹೆಣ್ಣು ಎನಿಸಿದಳು. ಅದರ ಬೆನ್ನಿಗೇ, ಡಿಸೆಂಬರಿನಲ್ಲಿ ಕೊಟ್ಟಿದ್ದ ಮಾದರಿಯಲ್ಲಿ ನಿಷೇಧಿತ ಹೃದಯದ ಔಷಧ ಸಿಕ್ಕಿದೆ ಎಂಬ ಸುದ್ದಿ ಬಂತು. ಚಿನ್ನ ಖಂಡಿತ ಎಂದು ಎಲ್ಲರೂ ನಂಬಿದ್ದ ಹುಡುಗಿ ಕೊನೆಯ ದಿನ ಬಿದ್ದು ಬಿದ್ದು ನಾಲ್ಕನೆಯವಳಾದಳು. ಅಳುತ್ತ ಹೊರಬಂದ ಅವಳನ್ನು ಅವಳ ಕಡೆಯವರು ತಣ್ಣಗೆ ಎದುರುಗೊಂಡ ರೀತಿಯನ್ನು ಕಂಡು ಮನಸ್ಸು ಕಲಕಿತೆಂದು ಒಲಿಂಪಿಕ್ ಸಮಿತಿಯ ಅಂದಿನ ಅಧ್ಯಕ್ಷರೇ ಹೇಳಿದರು. 2024ರ ಜನವರಿಯಲ್ಲಿ ಕ್ರೀಡಾ ನ್ಯಾಯಮಂಡಳಿ ಅವಳಿಗೆ ನಾಲ್ಕು ವರ್ಷದ ನಿಷೇಧ ವಿಧಿಸಿತು. ಶಿಕ್ಷೆ ಮಗುವಿನ ಹೆಸರಿಗೆ ಬಂತು. ಸುತ್ತ ಇದ್ದ ದೊಡ್ಡವರ ಪಾಲು ಎಷ್ಟೆಂದು ನಾವು ಕೇಳದೆ ಇರಲಾದೀತೆ?

ಅದೇ 2022ರ ಜೂನ್‌ನಲ್ಲಿ ಒಕ್ಕೂಟ ಥಾಯ್ಲೆಂಡಿನ ಫುಕೆಟ್‌ನಲ್ಲಿ ಸಭೆ ಸೇರಿ, ಹಿರಿಯರ ಸ್ಪರ್ಧೆಯ ಕನಿಷ್ಠ ವಯಸ್ಸನ್ನು ಹಂತ ಹಂತವಾಗಿ 17ಕ್ಕೆ ಏರಿಸಲು ತೀರ್ಮಾನಿಸಿತು. ಇದರ ಬಿಸಿ ಮೊದಲು ತಟ್ಟಿದವರಲ್ಲಿ ಒಬ್ಬಳ ಹೆಸರೂ ಮಾವೊ! ಜಪಾನಿನ ಮಾವೊ ಶಿಮಾದಾ. ಅಸಾದಾ ಅವರ ಮೇಲಿನ ಅಭಿಮಾನದಿಂದಲೇ ಇಟ್ಟ ಹೆಸರು. 2022, 2023, 2024, ಮೂರು ವರ್ಷವೂ ಜೂನಿಯರ್ ಫೈನಲ್ ಗೆದ್ದವಳು. 2026ರ ಒಲಿಂಪಿಕ್ಸ್‌ಗೆ 2025ರ ಜುಲೈ 1ರೊಳಗೆ 17 ತುಂಬಿರಬೇಕಿತ್ತು. ಅವಳಿಗೆ ತುಂಬಿದ್ದು ಅಕ್ಟೋಬರ್ 30ಕ್ಕೆ. ಹೆಸರಿನ ಜೊತೆ ಹಣೆಬರಹವೂ ಬಂದಿತೆನ್ನಬೇಕು. ಆದರೆ ಈ ಸಲ ಅವಳಿಗೆ ಕಾಯುವ ಅಂಗಳವೊಂದು ಗಟ್ಟಿಯಾಗಿತ್ತು.

ಕಾಗದದ ಮೇಲಿನ ವಯಸ್ಸೊಂದೇ ಮಕ್ಕಳನ್ನು ಕಾಪಾಡುತ್ತದೆಂದು ನಾನು ನಂಬುವುದಿಲ್ಲ. ವಲಿಯೆವಾ ನಿಯಮದ ಪ್ರಕಾರವೇ ಬೀಜಿಂಗ್‌ಗೆ ಬಂದಿದ್ದಳು. ನಿಯಮ ಸ್ವಲ್ಪ ಸಮಯವನ್ನು ಕೊಡಬಲ್ಲದು. ಆ ಸಮಯದಲ್ಲಿ ಮಗುವಿಗೆ ಊಟ, ನಿದ್ದೆ, ಗೆಳತಿಯರು, ಬೇಡವೆನ್ನುವ ಹಕ್ಕು ಇವನ್ನು ಕೊಡಬೇಕಾದವರು ದೊಡ್ಡವರು. ಅಮೆರಿಕದ ಅಲಿಸಾ ಲಿಯು 2019ರಲ್ಲಿ 14ರ ವಯಸ್ಸಿಗೆ ಲೇಕ್ ಪ್ಲಾಸಿಡ್‌ನ ಜೂನಿಯರ್ ಗ್ರ್ಯಾಂಡ್ ಪ್ರಿಯಲ್ಲಿ ನಾಲ್ಕು ಸುತ್ತು ಹಾರಿ ಗೆದ್ದಳು. ಬೀಜಿಂಗ್ ಮುಗಿಸಿ, 16ಕ್ಕೇ ಸಾಕೆಂದು ಬೂಟು ಕಳಚಿಟ್ಟಳು. ಎರಡು ವರ್ಷ ತನ್ನ ಪಾಡಿಗೆ ತಾನಿದ್ದು, ತನಗೇ ಬೇಕೆನಿಸಿದಾಗ ಮರಳಿ ಬಂದು, 2025ರ ಮಾರ್ಚಿನಲ್ಲಿ ಬಾಸ್ಟನ್‌ನಲ್ಲಿ ವಿಶ್ವ ಚಾಂಪಿಯನ್ ಆದಳು. ಆ ದಿನ ಅವಳು ಹಾರಿದ್ದರಲ್ಲಿ ನಾಲ್ಕು ಸುತ್ತಿನದು ಒಂದೂ ಇರಲಿಲ್ಲ. ಮುಖದಲ್ಲಿ ನಗು ಮಾತ್ರ ತುಂಬಿತ್ತು.