ಬೇಲಿಯಿಂದ ಮರಕ್ಕೋ, ಮರದಿಂದ ಬೇಲಿಗೋ?

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಮಳೆಗಾಲದಲ್ಲಿ ಬದುವಿನ ಬೇವು ತುದಿಯಿಂದ ಒಣಗತೊಡಗಿದರೆ, ಅಂಗಳಕ್ಕೂ ಬೇಲಿಗೂ ತಂದ ಹೊಸ ಅಲಂಕಾರದ ಗಿಡಗಳನ್ನು ದೂರುವುದು ಈಗ ರೂಢಿಯಾಗಿದೆ. ಶಿಲೀಂಧ್ರರೋಗಗಳ ಅಧ್ಯಯನ ನಡೆದುಬಂದ ದಾರಿಯನ್ನು ನೋಡಿದರೆ ಈ ತೀರ್ಪಿಗೆ ಆಧಾರ ಸಾಲದು.

ಆರಂಭದ ಕೆಲಸ ಬಹುಮಟ್ಟಿಗೆ ಬೆಳೆಗಾಗಿ ನಡೆದದ್ದು. ಮೈಸೂರು ಸೀಮೆಯ ಅಡಿಕೆಯ ಅಣಬೆರೋಗವನ್ನು ಬಟ್ಲರ್ 1906ರಲ್ಲಿ ವಿವರಿಸಿದರು. ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಬರೆದರು. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ತೋಟಕ್ಕೆ ಬಂತು. ಬದುವಿನ ಮರಗಳಿಗೆ ಸಿಕ್ಕಿದ್ದು ಶಿಲೀಂಧ್ರಗಳ ಪಟ್ಟಿಯಲ್ಲಿ ಒಂದು ಸಾಲು ಮಾತ್ರ.

ಗಿಡದಿಂದ ಗಿಡಕ್ಕೆ ದಾಟುವ ಪ್ರಶ್ನೆಯನ್ನು ಗಂಭೀರವಾಗಿ ಹಿಡಿದವರು ತುಕ್ಕುರೋಗವನ್ನು ಅಭ್ಯಸಿಸಿದವರು. ಕಾಡುಮಲ್ಲಿಗೆಯ ತುಕ್ಕಿನ ಜೀವನಚಕ್ರವನ್ನು ಅಜ್ರೇಕರ್ ಮತ್ತು ಪರಾಂದೇಕರ್ 1931ರಲ್ಲಿ ಬಿಡಿಸಿ, ಅದು ಯುರೊಮೈಸಿಸ್ ಹಾಬ್ಸೋನಿಯೇ ಎಂದು ಗುರುತಿಸಿದರು. ಸಜ್ಜೆಯ ತುಕ್ಕು ತನ್ನ ಬಾಳಿನ ಒಂದು ಘಟ್ಟವನ್ನು ಬದನೆ ಎಲೆಯ ಮೇಲೆ ಕಳೆಯುತ್ತದೆ. ಕುಲದ ನಂಟಿಲ್ಲದ ಹುಲ್ಲಿಗೂ ಬದನೆಗೂ ರೋಗದ ನಂಟಿರುವಾಗ, ಬೇಲಿಗೂ ಮರಕ್ಕೂ ಅಂಥ ನಂಟಿರಲಾರದು ಎಂದು ಯಾರು ಹೇಳಬಲ್ಲರು? ಆದರೆ ನಂಟಿದೆ ಎನ್ನಬೇಕಾದರೂ ಅಷ್ಟೇ ಶ್ರಮ ಬೇಕು. ಆ ಪೀಳಿಗೆಯ ತಾಳ್ಮೆ ಇಂದು ಅಪರೂಪ.

ನಮ್ಮ ಕಾಲದ ಮುಖ್ಯ ಕೆಲಸ ಬೇವಿನದು. ಮೈಸೂರು ವಿಶ್ವವಿದ್ಯಾಲಯದ ಸತೀಶ್, ಶಂಕರ ಭಟ್ ಮತ್ತು ದೇವಕಿ 1997ರಲ್ಲಿ ಫೋಮಾಪ್ಸಿಸ್ ಅಜಾಡಿರಾಕ್ಟೇ ಎಂಬ ಹೊಸ ಪ್ರಭೇದವನ್ನು ವರ್ಣಿಸಿದರು. ಅದು ಮೊದಲು ರೆಂಬೆಯ ತುದಿಯನ್ನು ಒಣಗಿಸುತ್ತದೆ, ಹೂಗೊಂಚಲನ್ನು ಕರಕಲಾಗಿಸುತ್ತದೆ, ಕಾಯನ್ನು ಕೊಳೆಸುತ್ತದೆ. ಮಳೆಹನಿ ಸಿಡಿದು ಬೀಜಕಗಳು ಕೊಂಬೆಯಿಂದ ಕೊಂಬೆಗೆ ಹೋಗುತ್ತವೆ. ಎಲ್ಲಕ್ಕಿಂತ ದೊಡ್ಡ ಸಂಗತಿ, ಶಿಲೀಂಧ್ರ ಬೇವಿನ ಬೀಜದೊಳಗೇ ಕೂತು ಸಾಗುತ್ತದೆ. ಅಂದರೆ ದೂರಬೇಕಾದ್ದು ಅಂಗಳದ ಕ್ರೋಟನ್ ಗಿಡವನ್ನಲ್ಲ. ರೋಗದ ತಾಯಿಮರದಿಂದ ಬೀಜ ಆಯ್ದು ಸಸಿ ಮಾಡುವ ಪದ್ಧತಿಯನ್ನು.

ಹಲವು ಜಾತಿಯ ಗಿಡಗಳಲ್ಲಿ ಚಿಬ್ಬುರೋಗ ತರುವ ಕೊಲೆಟೊಟ್ರೈಕಮ್ ಗ್ಲಿಯೊಸ್ಪೊರಿಯಾಯ್ಡಿಸ್ ಬಗ್ಗೆ ಇನ್ನೂ ಎಚ್ಚರ ಬೇಕು. ಮಾವಿನಲ್ಲೂ ಅಲಂಕಾರದ ಗಿಡದಲ್ಲೂ ಆ ಹೆಸರು ಕಂಡೊಡನೆ ರೋಗ ದಾಟಿತು ಎಂದು ಬರೆದವರಿದ್ದಾರೆ. ವಿಯರ್ ಮತ್ತು ಸಂಗಡಿಗರು 2012ರಲ್ಲಿ ಡಿಎನ್‌ಎ ಆಧಾರದ ಮೇಲೆ ಆ ಹೆಸರಿನ ಗುಂಪನ್ನು 22 ಪ್ರಭೇದಗಳಾಗಿ ಬೇರ್ಪಡಿಸಿದ ಮೇಲೆ, ಹಳೆಯ ವರದಿಗಳ ಹೆಸರುಗಳನ್ನು ನಂಬಿ ಕೂರುವಂತಿಲ್ಲ.

ಹಾಗೆಂದು ಅಲಂಕಾರದ ಗಿಡಗಳ ವ್ಯಾಪಾರ ನಿರಪಾಯವೇನಲ್ಲ. ದಕ್ಷಿಣ ಅಮೆರಿಕದ ಪೇರಲ ತುಕ್ಕು 2005ರಲ್ಲಿ ಹವಾಯಿಗೆ ಹೋಗಿ ಪನ್ನೇರಳೆ ತೋಪುಗಳನ್ನು ಒಣಗಿಸಿತು. 2010ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊದಲು ಕಂಡದ್ದು ಹೂವಿನ ವ್ಯಾಪಾರಕ್ಕಾಗಿ ಗಿಡ ಬೆಳೆಸುವ ತೋಟದಲ್ಲಿ. ಅಲ್ಲಿಂದ ನಾಡಮರಗಳಿಗೆ ಹಬ್ಬಿತು. ನಮ್ಮ ಹಳ್ಳದ ದಂಡೆಯ ನೇರಳೆಯೂ ಅಂಗಳದ ಬಾಟಲ್‌ಬ್ರಷ್ಷೂ ಪೇರಲ, ಪನ್ನೇರಳೆಗಳ ಕುಟುಂಬದವೇ.

ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಅರಭಾವಿಯಲ್ಲಿ ತೋಟಗಾರಿಕಾ ಕಾಲೇಜಿದೆ. ಕಬ್ಬಿಗೂ ಅರಿಶಿನಕ್ಕೂ ಯೋಜನೆಗಳು ದೊರೆಯುತ್ತವೆ. ಬದುವಿನ ಮರ ಯಾವ ಬೆಳೆಯ ಲೆಕ್ಕಕ್ಕೂ ಬರುವುದಿಲ್ಲ. ಹಿಡಕಲ್ ಹಿನ್ನೀರಿನಿಂದ ಗೋಕಾಕ ಗುಡ್ಡದವರೆಗೆ, ಒಂದೇ ಓಣಿಯ ಬೇಲಿಯಿಂದಲೂ ಮರದಿಂದಲೂ ಶಿಲೀಂಧ್ರ ಬೇರ್ಪಡಿಸಿ, ಇದರದ್ದನ್ನು ಅದಕ್ಕೆ, ಅದರದ್ದನ್ನು ಇದಕ್ಕೆ ಸೋಂಕಿಸಿ, ರೋಗ ಬಂದರೆ ಅದೇ ಶಿಲೀಂಧ್ರ ಮರಳಿ ಸಿಗುವುದೇ ಎಂದು ನೋಡಬೇಕು. ಪ್ರಯೋಗಾಲಯಕ್ಕೆ ಇದು ದುಬಾರಿ ಕೆಲಸವಲ್ಲ. ಅದಕ್ಕೂ ಮೊದಲು, ನೆಡುವುದಕ್ಕೆ ಹಂಚುವ ಬೇವಿನ ಸಸಿಗಳ ಬೀಜ ಯಾವ ಮರದ್ದು ಎಂದು ನರ್ಸರಿಗಳು ಬರೆದಿಡಲಿ.